ಕೈ ಹಚ್ಚದೆ ಏಳುವುದು

೧೯೩೫ ನವೆಂಬರ್ ೨೪, ರವಿವಾರ. ಕಿರವತ್ತಿ

ನನ್ನ ಮದುವೆಯ ದಿನ ಬನವಾಸಿ ಶಾಲೆಯ ಮಾಸ್ತರರು ಈ ನೋಟುಬುಕ್ಕು ಕೊಟ್ಟು, "ಗೌರಾ, ನಿನ್ನ ಬಾಯಾಗಂತೂ ಮಾತು ಬರೂದಿಲ್ಲ, ಇದರಾಗರ ಬರಿ" ಅಂದಿದ್ದರು. ನಾಲ್ಕನೆಯ ಇಯತ್ತೆಗೆ ನನ್ನ ಶಾಲೆ ಮುಗಿದಿತ್ತು. ಒಂದೂವರೆ ವರ್ಷ ಪೆಟ್ಟಿಗೆಯ ತಳದಲ್ಲಿದ್ದ ಬುಕ್ಕನ್ನು ಇವತ್ತು ತೆಗೆದೆ.

ನಿನ್ನೆ ಮುಂಜಾನೆ ಮಾದೇವನ ಹೆಂಡತಿ ಮಂಜಿಗೆ ಬ್ಯಾನೆ ಎದ್ದಿತು. ಅತ್ತೆಯನ್ನು ಕರೆಯಲು ಬಂದರು. ನಮ್ಮ ಅತ್ತೆ ನೀಲಗಂಗವ್ವ ಈ ಊರಿನ ಸೂಲಗಿತ್ತಿ. ಈಗ ಅರವತ್ತೊಂದು. ದಸರೆಗೆ ಮುಂಚೆ ಬಾವಿಯ ಕಟ್ಟೆಯಲ್ಲಿ ಜಾರಿ ಬಿದ್ದಿದ್ದರು. ಎಲುಬು ಮುರಿದಿಲ್ಲ ಎಂದು ಎಲುಬು ನೋಡುವ ದ್ಯಾಮಪ್ಪ ಹೇಳಿದ. ಆದರೂ ನಾವು ಒಂದೂವರೆ ತಿಂಗಳು ಅವರನ್ನು ಹೊರಸಿನಿಂದ ಇಳಿಯಗೊಡಲಿಲ್ಲ. ಏಳಬೇಕೆಂದರೆ ನಾನೊಂದು ಕಡೆ, ಇವರೊಂದು ಕಡೆ ರಟ್ಟೆ ಹಿಡಿದು ಎಬ್ಬಿಸುತ್ತಿದ್ದೆವು. ಅದನ್ನೇ ಸೇವೆ ಎಂದುಕೊಂಡಿದ್ದೆವು.

ನಾನು ಎಣ್ಣೆ, ಅರಿವೆಗಳ ಗಂಟು ಹಿಡಿದು ಜೊತೆಗೆ ಹೋದೆ. ಅತ್ತೆ ಹೇಗೋ ಮಂಜಿಯ ಮುಂದೆ ನೆಲಕ್ಕೆ ಕೂತರು. ನಡುವೆ ಎದ್ದು ಅವಳ ಬೆನ್ನ ಕಡೆಗೆ ಹೋಗಬೇಕಾಯಿತು. ಏಳಲು ಆಗಲಿಲ್ಲ. ಕೈ ಊರಿದರು, ಗೋಡೆ ಹಿಡಿದರು, ಆಗಲೇ ಇಲ್ಲ. ಮಂಜಿಯನ್ನು ಹಿಡಿದುಕೊಂಡಿದ್ದ ಇಬ್ಬರು ಹೆಂಗಸರು ಅವಳನ್ನು ಬಿಟ್ಟು ಅತ್ತೆಯನ್ನು ಎತ್ತಲು ಬಂದರು. ಅಷ್ಟರಲ್ಲಿ ಕೂಸು ನೆರೆಮನೆಯ ಶಾರದವ್ವನ ಕೈಗೆ ಬಂತು. ಕೂಸು ಚೆನ್ನಾಗಿದೆ, ಮಂಜಿಯೂ ಚೆನ್ನಾಗಿದ್ದಾಳೆ.

ಮನೆಗೆ ಬಂದ ಮೇಲೆ ಅತ್ತೆ ಅಂದರು: "ಇನ್ನ ಯಾರರ ಕರಿಯಾಕ ಬಂದ್ರ ನೀಲಗಂಗವ್ವ ಸತ್ಲು ಅಂತ ಹೇಳಿಬಿಡು." ಹೊರಸಿಗೆ ಒರಗಿ, "ನಿನ್ನನ್ನೂ ಏಳನೇ ತಿಂಗಳಿಗೆ ತವರಿಗೆ ಕಳಸ್ತೀನಿ. ಚೊಚ್ಚಲ ಹೆರಿಗಿ ತವರಾಗ ಆಗೂದು ರೂಢಿನೂ ಐತಿ."

ನನಗೆ ಈಗ ಮೂರು ತಿಂಗಳು. ನನ್ನ ಅವ್ವ ತವರಿನ ಒಳಕೋಣೆಯಲ್ಲಿ ಹೆರಿಗೆಯಾಗುವಾಗ ಸತ್ತಳು. ನಾನು ಒಂಬತ್ತು ವರ್ಷದವಳು, ಮುಚ್ಚಿದ ಬಾಗಿಲ ಹೊರಗೆ ಕೂತಿದ್ದೆ. ಈ ಮನೆಗೆ ಬಂದ ಮೊದಲ ವಾರವೇ ಅತ್ತೆಯ ಕೈ ನೋಡಿ, ನನ್ನದು ಈ ಕೈಯಲ್ಲಿ ಆಗಲಿ ಎಂದುಕೊಂಡಿದ್ದೆ. ಯಾರಿಗೂ ಹೇಳಿಲ್ಲ. ಈಗಲೂ ಹೇಳಲಿಲ್ಲ.

ನವೆಂಬರ್ ೨೭, ಬುಧವಾರ

ನಮ್ಮ ಹಿತ್ತಲ ಬೇಲಿಯ ಆಚೆ ಖಾಜಾ ಹುಸೇನರ ಮನೆ. ಅವರ ನಾಲ್ಕು ಚಕ್ಕಡಿಗಳು ಘಟ್ಟ ಇಳಿದು ಅಂಕೋಲೆಗೆ ಹೋಗಿ ಬರುತ್ತವೆ. ಹರೆಯದಲ್ಲಿ ಹುಬ್ಬಳ್ಳಿಯ ಗರಡಿಯಲ್ಲಿ ಕುಸ್ತಿ ಹಿಡಿದವರಂತೆ. ಈಗ ಅರವತ್ತನಾಲ್ಕಾದರೂ ದಿನಾ ಬೆಳಗ್ಗೆ ಹಿತ್ತಲಲ್ಲಿ ಮರದ ಗದೆಗಳನ್ನು ತಿರುಗಿಸುತ್ತಾರೆ. ಗಡ್ಡ ಬೆಳ್ಳಗಾಗಿದೆ, ಹೆಗಲು ಮಾತ್ರ ಬಾಗಿಲ್ಲ. ಊರವರು ಉಸ್ತಾದ ಎನ್ನುತ್ತಾರೆ.

ಅರಿವೆ ಒಣಹಾಕುತ್ತಿದ್ದೆ. ಬೇಲಿಯ ಆಚೆಯಿಂದ ದನಿ ಬಂತು.

"ಶಿವಪುತ್ರನ ಮನಿಯಾಕಿ ಏನವಾ? ನಿಮ್ಮತ್ತಿಗೆ ಹೇಳು ಬೇಟಿ. ನನ್ನ ಐದು ಮಕ್ಕಳನ್ನ ಹಿಡಿದ ಕೈ ಅದು. ಕೈಗೇನೂ ಮುಪ್ಪು ಬಂದಿಲ್ಲ. ಕಾಲು ಮಲಗ್ಯಾವ, ಅಷ್ಟ. ಮಲಗಿದ್ದನ್ನ ಎಬ್ಬಿಸಬಹುದು."

ಸೆರಗು ಮುಂದೆ ಎಳೆದುಕೊಂಡು ಹೂಂ ಅಂದೆ.

"ಏನು? ನೀ ಮಾತಾಡಿದ್ಯೋ, ಗಾಳಿ ಬೀಸಿತೋ?"

ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಹೊರಸಿನ ಮೇಲಿಂದಲೇ ಕೂಗಿದರು: "ನಾ ಏನ್ ಪೈಲ್ವಾನನೇನ? ಆ ಮುದುಕಗ ತನ್ನ ಎತ್ತಿಗೆ ಹುಲ್ಲು ಹಾಕ್ಕೊಂಡು ಸುಮ್ಮನ ಕುಂದರು ಅಂತ ಹೇಳು!"

ಅದನ್ನು ನಾನು ಹೇಗೆ ಹೇಳಲಿ? ಬೇಲಿಯ ಹತ್ತಿರ ಹೋಗಿ ಸುಮ್ಮನೆ ನಿಂತೆ. ಉಸ್ತಾದರು ನಗುತ್ತಿದ್ದರು.

"ಕೇಳಿಸ್ತು, ಕೇಳಿಸ್ತು. ಗಂಟಲಾ ಇನ್ನೂ ಗಟ್ಟಿ ಐತಿ. ಅಷ್ಟಿದ್ರ ಸಾಕು."

ಡಿಸೆಂಬರ್ ೨, ಸೋಮವಾರ

ಬೆಳಗ್ಗೆ ಉಸ್ತಾದರ ಚಕ್ಕಡಿಯಲ್ಲಿ ಹದಿನಾರು ಇಟ್ಟಂಗಿ ಬಂದವು. ಅವರ ಹೆಂಡತಿ ರಹಿಮತ್‌ಬಿ ಕೂಡ ಬಂದರು. ಹೊರಸಿನ ನಾಲ್ಕೂ ಕಾಲ ಕೆಳಗೆ ನಾಲ್ಕು ನಾಲ್ಕು ಇಟ್ಟಂಗಿ ಇಟ್ಟೆವು. ಹೊರಸು ಎಷ್ಟು ಎತ್ತರವಾಯಿತೆಂದರೆ ಅತ್ತೆ ಕೂತರೆ ಪಾದ ಮಾತ್ರ ನೆಲ ಮುಟ್ಟುತ್ತದೆ.

ವಿಧವೆಗೆ ಪರಗಂಡಸು ತಾಲೀಮು ಕಲಿಸಿದನೆಂದು ಊರು ನಕ್ಕೀತು ಎಂದು ಅತ್ತೆ ಹಟ ಹಿಡಿದರು. ಅದಕ್ಕೆ ಉಸ್ತಾದರು ಬೇಲಿಯ ಆಚೆಯೇ ಬೆನ್ನು ತಿರುಗಿಸಿ ಕೂರುವುದು, ಅಲ್ಲಿಂದಲೇ ಹೇಳುವುದು, ನಾನು ಹಿತ್ತಲ ಬಾಗಿಲಲ್ಲಿ ನಿಂತು ಆ ಮಾತನ್ನು ಒಳಗೆ ಮುಟ್ಟಿಸುವುದು, ಒಳಗಿನ ಲೆಕ್ಕವನ್ನು ಆಚೆಗೆ ಮುಟ್ಟಿಸುವುದು ಎಂದಾಯಿತು. ಎಲ್ಲ ಬಿಟ್ಟು ಈ ಕೆಲಸ ನನಗೇ ಬರಬೇಕೆ.

"ತಂಗೆವ್ವಗ ಹೇಳು, ನಿಮ್ಮತ್ತಿಗೆ. ಹೊರಸಿನಿಂದ ಏಳಬೇಕು, ಮತ್ತ ಕುಂದ್ರಬೇಕು. ಐದು ಸಲ. ಕೈ ಹಚ್ಚಬಾರದು. ಕೈ ಎದಿ ಮ್ಯಾಲ."

"ಯಾಕ ಕೈ ಹಚ್ಚಬಾರದಂತ?" ಎಂದರು ಅತ್ತೆ.

ನಾನು ಕೇಳಿದೆ. "ಗರಡಿ ಕಾಯ್ದೆ" ಎಂದು ಉತ್ತರ ಬಂತು.

ಎತ್ತರ ಇದ್ದುದರಿಂದ ಅತ್ತೆ ಎದ್ದರು. ಮೂರನೆಯ ಸಲಕ್ಕೆ ತೊಡೆ ನಡುಗಿತು. ಐದು ಆದವು. "ಕಾಲು ಗಟ್ಟಿ ಆದಂಗ ಒಂದೊಂದು ಇಟ್ಟಂಗಿ ತಗಿಯೂದು. ಹೋರಿಗೆ ಮೊದಲ ಬರೀ ಚಕ್ಕಡಿ, ಆಮ್ಯಾಲ ಹುಲ್ಲು, ಆಮ್ಯಾಲ ಅಕ್ಕಿ ಮೂಟಿ" ಎಂದರು ಉಸ್ತಾದರು. ಅತ್ತೆ ನನ್ನತ್ತ ನೋಡಿ, "ನನ್ನ ಹೋರಿ ಮಾಡಿಟ್ಟ" ಅಂದರು. ದಸರೆಯಾದ ಮೇಲೆ ಅವರು ನಕ್ಕದ್ದನ್ನು ಇವತ್ತೇ ಕಂಡೆ.

ಡಿಸೆಂಬರ್ ೯

ಎಂಟು ಸಲ. ಅತ್ತೆ ಒಬ್ಬರೇ ಏಳುವುದು ಬೇಸರ ಎಂದು ಗೊಣಗುತ್ತಾರೆ. ಅದಕ್ಕೆ ನಾನೂ ಪಕ್ಕದಲ್ಲಿ ಕೂತು ಏಳುತ್ತೇನೆ. ಹೊಟ್ಟೆಯೊಳಗಿನದಕ್ಕೆ ಏನೂ ಆಗದು, ಬೀಸುವ ಹೆಂಗಸಿಗೆ ಹೆರಿಗೆ ಹಗುರ ಎಂದರು ರಹಿಮತ್‌ಬಿ.

ಡಿಸೆಂಬರ್ ೨೯, ರವಿವಾರ

ಒಂದು ಸುತ್ತು ಇಟ್ಟಂಗಿ ಹೋಯಿತು. ಈಗ ಮೂರು. ಹದಿನೈದು ಸಲ. ಏಳುವುದರ ಜೊತೆಗೆ ಕೊಡ ಎತ್ತುವುದೂ ಸೇರಿದೆ. ಖಾಲಿ ಕೊಡದಿಂದ ಶುರು, ದಿನಕ್ಕೊಂದು ತಂಬಿಗೆ ನೀರು ಹೆಚ್ಚು. ನೆಲದಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ.

ಉಸ್ತಾದರು ಬೇಲಿಯ ಆಚೆಯಿಂದ, "ಬರೀ ರೊಟ್ಟಿ ತಿಂದ್ರ ಮಾಂಸ ಕೂಡೂದಿಲ್ಲ. ದಿನಾ ಎರಡು ತತ್ತಿ" ಎಂದರು. ನಾನು ಅದನ್ನು ಒಳಗೆ ಹೇಳಲೇಬಾರದಿತ್ತು. ಅತ್ತೆ ಎದ್ದು ಬಾಗಿಲಿಗೆ ಬಂದುಬಿಟ್ಟರು.

"ಕೊರಳಾಗ ಲಿಂಗ ಕಟ್ಟಿದಾಕಿಗೆ ತತ್ತಿ ತಿನ್ನು ಅಂತಾನಲ್ಲ, ಇವಗ ಬುದ್ಧಿ ಎಲ್ಲಿಟ್ಟಾನ ದೇವರು!"

"ಹೋಗಲಿ ಬಿಡವಾ, ನೆನಸಿದ ಕಡಲಿ ತಿನ್ನು, ಹಾಲು ಕುಡಿ," ಎಂದರು ಅವರು, ಬೆನ್ನು ತಿರುಗಿಸಿಕೊಂಡೇ. "ಆದ್ರ ಬೇಟಿ, ಒಂದು ಲಕ್ಷ್ಯಕ್ಕ ಬಂತೇನ? ಹೊರಸಿನಿಂದ ಬಾಗಿಲಿಗೆ ಒಬ್ಬಾಕೀನ ಬಂದ್ಲು."

ಹೌದು. ನಾನು ಗಮನಿಸಿರಲಿಲ್ಲ. ಅತ್ತೆಯೂ ಗಮನಿಸಿರಲಿಲ್ಲ.

೧೯೩೬ ಜನೆವರಿ ೧೭, ಶುಕ್ರವಾರ

ತಪ್ಪು ನನ್ನದು.

ಮಧ್ಯಾಹ್ನ ಶಾರದವ್ವ ಎಳ್ಳು ಬೆಲ್ಲ ಕೊಡಲು ಬಂದಳು. ಹೊರಸಿನ ಕೆಳಗಿನ ಇಟ್ಟಂಗಿ ನೋಡಿ, "ಹೌದೇನ ನೀಲಗಂಗಕ್ಕ, ಈ ವಯಸ್ಸಿನಾಗ ಕುಸ್ತಿ ಆಡಾಕ ಹೊಂಟೀಯಂತ?" ಎಂದಳು.

"ಹೂಂ. ಮೊದಲನೇ ಕುಸ್ತಿ ನಿನ್ನ ಕೂಡ," ಎಂದರು ಅತ್ತೆ.

ಶಾರದವ್ವ ನಕ್ಕಳು. ಹೋಗುವಾಗ, "ಸಿಟ್ಟಾಗಬ್ಯಾಡಕ್ಕ. ಇನ್ನ ನಾವು ಇದ್ದೀವಿ. ಮಂಜಿದೂ ನಾನ ಮಾಡಲಿಲ್ಲೇನು?" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಅವಳು ಹೊಸಿಲು ದಾಟುವುದೇ ತಡ, ಅತ್ತೆ ಅಂದರು: "ಗೌರಾ, ಎರಡು ಇಟ್ಟಂಗಿ ತಗಿ."

ಆಗಿನ್ನೂ ಮೂರು ಇದ್ದವು. ಒಂದು ತೆಗೆಯಲೂ ಇನ್ನೆರಡು ದಿನ ಕಾಯಬೇಕು ಎಂದಿದ್ದರು ಉಸ್ತಾದರು. ಬೇಡ ಎನ್ನಬೇಕೆಂದು ಬಾಯಿಯವರೆಗೆ ಬಂತು. ಬಾಯಿಂದ ಹೊರಗೆ ಬರಲಿಲ್ಲ. ಬಾಗಿ ಬಾಗಿ ಎಂಟು ಇಟ್ಟಂಗಿ ತೆಗೆದೆ. ಅತ್ತೆ ಕೂತರು. ಏಳಲು ಹೋದರು, ಅರ್ಧಕ್ಕೆ ಮೊಳಕಾಲು ಸೋತು ಪಕ್ಕಕ್ಕೆ ಬಿದ್ದರು. ನಾನು ಹಿಡಿದೆ. ಪೂರ್ತಿ ಹಿಡಿಯಲು ಆಗಲಿಲ್ಲ.

ಜನೆವರಿ ೧೮

ಮೊಳಕಾಲು ಬಾತಿದೆ. ಎಣ್ಣೆ ಹಚ್ಚಿದೆ.

ಜನೆವರಿ ೨೭, ಸೋಮವಾರ

ಹತ್ತು ದಿನ ಹಿತ್ತಲ ಕಡೆ ಹೋಗಲು ನಾಚಿಕೆ. ನಿನ್ನೆ ಉಸ್ತಾದರೇ ಕರೆದರು. ನಡೆದದ್ದನ್ನು ಹೇಳಿದೆ. ನಾನೇ ತೆಗೆದೆ ಎಂದೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ನಾನೂ ಒಮ್ಮೆ ಹಿಂಗ ಮಾಡಿದ್ದೆ ಬೇಟಿ, ಐವತ್ತನೇ ವರ್ಷಕ್ಕ," ಎಂದರು. "ಹುಡುಗರು ನಕ್ರು ಅಂತ ಗರಡ್ಯಾಗಿನ ಹಳೇ ಗುಂಡುಕಲ್ಲು ಎತ್ತಾಕ ಹೋದೆ. ಮೂರು ತಿಂಗಳು ಚಕ್ಕಡಿ ಏರಲಿಲ್ಲ. ಹರೇದಾಗ ಮೈ ಮನಸಿನ ಹಿಂದ ಓಡತೈತಿ. ಈಗ ಮನಸು ಮೈಯ ಹಿಂದ ನಡೀಬೇಕು. ಹೋಗು, ಮತ್ತ ನಾಲ್ಕು ಇಟ್ಟಂಗಿ ಇಡು."

"ನಾಲ್ಕಾ? ಮೊದಲಿಂದನಾ?" ಎಂದರು ಅತ್ತೆ. ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ನಾನು ಹದಿನಾರೂ ಇಟ್ಟಂಗಿ ಇಟ್ಟೆ. ಆಮೇಲೆ ಹೊರಸಿನ ಪಕ್ಕದಲ್ಲಿ ನಿಂತು, "ಐದ ಸಲ ಅತ್ತೀ" ಎಂದೆ. ಏಳಲಿಲ್ಲ. ಮತ್ತೆ ಹೇಳಿದೆ. ಮೂರನೆಯ ಸಲಕ್ಕೆ ಎದ್ದು ಕೂತು, "ಇಷ್ಟ ದಿನ ಎಲ್ಲಿಟ್ಟಿದ್ದಿ ಈ ದನಿ?" ಎಂದು ಕೇಳಿದರು. ಐದು ಸಲ ಆಯಿತು.

ಫೆಬ್ರುವರಿ ೨೨, ಶನಿವಾರ

ಶಿವರಾತ್ರಿ ಮುಗಿಯಿತು. ಎರಡು ಇಟ್ಟಂಗಿ ಉಳಿದಿವೆ. ಕೊಡ ಅರ್ಧ ತುಂಬಿದೆ. ಅತ್ತೆ ಈಗ ಬೆಳಗಿನ ಬೀಸುವಿಕೆಯನ್ನು ನನ್ನ ಕೈಯಿಂದ ಕಸಿದುಕೊಂಡಿದ್ದಾರೆ. ಇವರು, "ಅವ್ವಾ, ನೀ ಯಾಕ ಬೀಸ್ತಿ?" ಎಂದು ಕಲ್ಲಿನ ಗೂಟ ಹಿಡಿಯಲು ಬಂದರೆ, ಕೈ ಮೇಲೆ ಹೊಡೆದರು.

ಇವರು ಕಟ್ಟಿಗೆ ಡಿಪೋಕ್ಕೆ ಹೋಗುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ಅವ್ವನ ಮುಖದ ಮ್ಯಾಲ ಕಳೆ ಬಂದೈತಲ್ಲ?" ಎಂದರು. ನಾನು, "ಐವತ್ತರಾಕಿ ಕಂಡಂಗ ಕಾಣ್ತಾರ" ಎಂದೆ. ಹೊಸಿಲಲ್ಲಿ ನಿಂತು ಅವರ ಜೊತೆ ಅಷ್ಟು ಮಾತಾಡಿದ್ದು ಇದೇ ಮೊದಲಿರಬೇಕು.

ಮಾರ್ಚ್ ೧೯, ಗುರುವಾರ

ಏಳನೆಯ ತಿಂಗಳ ಕುಬಸ ಆಯಿತು. ಅಣ್ಣ ಪರಮೇಶ್ವರಪ್ಪ ನಿನ್ನೆಯೇ ಬಂದಿದ್ದ. ಬನವಾಸಿಯಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ, ಮೂರು ದಿನದ ಚಕ್ಕಡಿ ದಾರಿ. ಹಸಿರು ಸೀರೆ, ಬಳೆ, ಐದು ಬಗೆಯ ಉಂಡಿ ತಂದಿದ್ದ. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು, "ನಾಳೆ ನಸುಕಿಗೆ ಹೊರಡೂನು. ಬಿಸಿಲೇರೂದರಾಗ ಯಲ್ಲಾಪುರ ಮುಟ್ಟಬೇಕು" ಎಂದ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ಏನಾದರೂ ಅನ್ನುತ್ತಾರೆ ಎಂದು ಕಾಯುತ್ತಿದ್ದೆ. ಅತ್ತೆ ತಮ್ಮ ಕಾಲನ್ನೇ ನೋಡುತ್ತ ಕೂತಿದ್ದರು. ಕೊನೆಗೆ, "ಕರಕೊಂಡು ಹೋಗಪ್ಪ. ಒಂದು ಇಟ್ಟಂಗಿ ಇನ್ನೂ ಐತಿ. ನನ್ನ ಕಾಲು ನೆಲ ಕಂಡಿಲ್ಲ. ಸುಳ್ಳು ಹೇಳಿ ಯಾಕ ಇಟಗೊಳ್ಳಿ?" ಎಂದರು.

ಆಮೇಲೆ ಏನಾಯಿತೆಂದು ಸರಿಯಾಗಿ ಬರೆಯಲು ಬರುತ್ತಿಲ್ಲ. ನಾನು ಬಾಗಿಲು ದಾಟಿ ಪಡಸಾಲೆಗೆ ಬಂದಿದ್ದೆ. "ನಾ ಬರೂದಿಲ್ಲಣ್ಣಾ" ಎಂದೆ.

ಅಣ್ಣ ಇವರ ಮುಖ ನೋಡಿದ. ಇವರು ನೆಲ ನೋಡಿದರು. "ಚೊಚ್ಚಲ ಹೆರಿಗಿ ಗಂಡನ ಮನ್ಯಾಗ? ಊರು ಏನಂತೈತಿ? ನಮ್ಮ ಮನಿ ಬಾಗಲಾ ಮುಚ್ಚೇತೇನು?"

"ಇನ್ನೂ ಎಂಟು ವಾರ ಐತಿ. ಅತ್ತಿ ನೆಲ ಮುಟ್ಟತಾರ."

"ಮುಟ್ಟದಿದ್ರ?"

"ಅಣ್ಣಾ," ಎಂದೆ, "ಆ ಕೋಣಿ ನನಗ ಬ್ಯಾಡ."

ಅಣ್ಣ ತಾನು ತಂದ ಉಂಡಿಗಳನ್ನು ನನ್ನ ಕಡೆಗೆ ಸರಿಸಿದ. ಅವ್ವ ಸತ್ತಾಗ ಅವನಿಗೆ ಹದಿನೈದು. ಅವನೂ ಬಾಗಿಲ ಹೊರಗೆ ನನ್ನ ಪಕ್ಕದಲ್ಲೇ ಕೂತಿದ್ದ.

ಮಾರ್ಚ್ ೨೦

ಅಣ್ಣ ಒಬ್ಬನೇ ಹೋದ. ಚಕ್ಕಡಿ ಹೂಡುವ ಮೊದಲು ಅತ್ತೆಯ ಕಾಲು ಮುಟ್ಟಿ, "ನಿಮ್ಮ ಮಡಿಲಾಗ ಹಾಕೇನಿ ಅಕ್ಕಾರ" ಎಂದ. ಅವನು ತಿರುವು ದಾಟುವವರೆಗೂ ಅತ್ತೆ ನಿಂತೇ ಇದ್ದರು. ಒಳಗೆ ಬಂದವರೇ, "ಇವತ್ತು ಮೂವತ್ತು ಸಲ" ಎಂದರು.

ನಾನು, "ಇಪ್ಪತ್ತು. ಹೆಚ್ಚು ಬ್ಯಾಡ" ಎಂದೆ. ಇಪ್ಪತ್ತೇ ಮಾಡಿದರು.

ಏಪ್ರಿಲ್ ೧೪, ಮಂಗಳವಾರ

ಇಟ್ಟಂಗಿಗಳೆಲ್ಲ ಹಿತ್ತಲಲ್ಲಿವೆ. ಹೊರಸಿನ ಕೆಲಸ ಮುಗಿದು ಹತ್ತು ದಿನವಾಯಿತು. ಆಮೇಲೆ ಒಂದು ಗಿಡ್ಡ ಕಟ್ಟಿಗೆ ದಿಮ್ಮಿ, ಅದನ್ನು ಇವರು ಡಿಪೋದಿಂದ ತಂದರು. ಆಮೇಲೆ ಊಟದ ಮಣೆ. ಇವತ್ತು ಮಣೆಯೂ ಇಲ್ಲ.

ಅತ್ತೆ ಬರಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಕೈ ಎದೆಯ ಮೇಲೆ. ಕಣ್ಣು ಮುಚ್ಚಿದರು. ನಾನು ಹಿತ್ತಲ ಬಾಗಿಲಲ್ಲಿದ್ದೆ. ಬೇಲಿಯ ಆಚೆ ಉಸ್ತಾದರು ಬೆನ್ನು ತಿರುಗಿಸಿ, ಚಕ್ರಕ್ಕೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದ್ದರು.

ಅತ್ತೆ ಎದ್ದರು. ನಿಧಾನವಾಗಿ, ನಡುವೆ ಒಂದು ಸಲ ತಡೆದು, ಆದರೆ ಎದ್ದರು.

"ಒಂದು!" ಎಂದು ಕೂಗಿದೆ.

ಆಚೆ ಉಸ್ತಾದರು ರಹಿಮತ್‌ಬಿಯನ್ನು ಕರೆದು, ಮನೆಯಲ್ಲಿ ಬೆಲ್ಲ ಇದೆಯೇ ಎಂದು ಕೇಳಿದ್ದು ಕೇಳಿಸಿತು.

ಮೇ ೩

ಬಿಸಿಲು. ಕಾಲು ಬಾತಿದೆ, ನನ್ನವು. ಅತ್ತೆ ನೆಲದಿಂದ ಹನ್ನೆರಡು. ತುಂಬಿದ ಕೊಡ. ನಾನು ಜೊತೆಗೆ ಕೂರುತ್ತೇನೆ, ಏಳುವುದು ಆರೇ ಸಲ. ಹೊಟ್ಟೆ ಅಡ್ಡ ಬರುತ್ತದೆ.

ಮೇ ೧೯, ಮಂಗಳವಾರ

ಮೊನ್ನೆ ಗುರುವಾರ ಹೆರಿಗೆ ಆಯಿತು. ಇವತ್ತು ಕೂತು ಬರೆಯುವಷ್ಟು ಆಗಿದೆ.

ಬೆಳಗ್ಗೆ ರೊಟ್ಟಿ ತಟ್ಟುವಾಗ ಬ್ಯಾನೆ ಎದ್ದಿತು. ಅತ್ತೆ ಕೈ ತೊಳೆದು, ಒಳಕೋಣೆಯ ತೊಲೆಗೆ ಹಗ್ಗ ಕಟ್ಟಿಸಿದರು. ರಹಿಮತ್‌ಬಿ ಬಂದು ನನ್ನ ಬೆನ್ನಿಗೆ ಕೂತರು. ನಾನು ಹಗ್ಗ ಹಿಡಿದು ಕುಕ್ಕರಗಾಲಲ್ಲಿ. ಅತ್ತೆ ನನ್ನೆದುರಿಗೆ, ಅವರೂ ಹಾಗೆಯೇ. ದನ ಹೊಡೆದುಕೊಂಡು ಹೋಗುವ ಹೊತ್ತಿಗೆ ಕೂತವರು ಬಿಸಿಲು ನೆತ್ತಿಗೆ ಬಂದರೂ ಜಾಗ ಬಿಡಲಿಲ್ಲ. ನನಗೆ ಹೆದರಿಕೆಯಾದಾಗ ಅವರ ತೊಡೆ ನೋಡುತ್ತಿದ್ದೆ. ನಡುಗುತ್ತದೆಯೋ ಎಂದು. ನಡುಗಲಿಲ್ಲ. "ನನ್ನ ಏನ ನೋಡ್ತಿ, ಕಾಲು ಬಿಡಬ್ಯಾಡ" ಎಂದು ಬೈದರು. ನನ್ನ ಕಾಲೂ ಬಿಡಲಿಲ್ಲ. ಅಷ್ಟು ಹೊತ್ತು ಹೇಗೆ ನಿಂತವೋ.

ಕೂಸು ಬಂತು. ಅಳಲಿಲ್ಲ. ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡಿತ್ತು. ಅತ್ತೆ ಬಿಡಿಸಿದರು, ಕಟ್ಟಿ ಕತ್ತರಿಸಿದರು. ಕೂಸು ನೇರಳೆ ಬಣ್ಣ. ಕೋಣೆಯಲ್ಲಿ ಬೆಳಕು ಸಾಲದು. ರಹಿಮತ್‌ಬಿ ನನ್ನನ್ನು ಬಿಡುವಂತಿರಲಿಲ್ಲ. ಎಬ್ಬಿಸಲು ಅಲ್ಲಿ ಇನ್ನೊಬ್ಬರಿಲ್ಲ.

ಅತ್ತೆಯ ಎರಡೂ ಕೈಯಲ್ಲಿ ಕೂಸಿತ್ತು. ಕೂತಲ್ಲಿಂದ ಒಂದೇ ಸಲಕ್ಕೆ ಎದ್ದರು. ಎರಡು ಹೆಜ್ಜೆಗೆ ಬಾಗಿಲ ಬೆಳಕಿಗೆ ಹೋದರು. ಬೆರಳಿನಿಂದ ಬಾಯಿ ಒರೆಸಿ, ಬೋರಲು ಹಾಕಿ ಬೆನ್ನು ತಟ್ಟಿದರು. ಒಂದು, ಎರಡು, ಮೂರು. ಆಮೇಲೆ ಅಳು ಕೇಳಿತು.

ಅವರು ಎದ್ದ ಗಳಿಗೆಯಲ್ಲಿ ನಾನು "ಒಂದು" ಎಂದು ಎಣಿಸಿದೆನಂತೆ. ರಹಿಮತ್‌ಬಿ ಎಲ್ಲರಿಗೂ ಹೇಳಿ ನಗುತ್ತಿದ್ದಾರೆ. ನನಗೆ ನೆನಪಿಲ್ಲ.

ಹೆಣ್ಣು ಕೂಸು. ಅಣ್ಣನಿಗೆ ಕಾಗದ ಹಾಕಿದೆ. ನಾನೇ ಬರೆದೆ.

ಮೇ ೩೧, ರವಿವಾರ

ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡಬೇಕಲ್ಲ, ಅದಕ್ಕೆ ಇಟ್ಟಂಗಿಗಳು ಒಳಗೆ ಬಂದಿವೆ. ಈಗ ಹೊರಸು ನನ್ನದು. ಇಳಿಯಲು ಯಾರೂ ರಟ್ಟೆ ಹಿಡಿಯುವುದಿಲ್ಲ. ಇವರು ಹಿಡಿಯಲು ಬಂದರೆ ಅತ್ತೆ ಬಿಡುವುದಿಲ್ಲ.

ಬೆಳಗ್ಗೆ ಚಕ್ಕಡಿ ಹೊಡೆಯುವ ಮುನಾಫನ ಮನೆಯಿಂದ ಕರೆ ಬಂತು. ಅವನ ಹೆಂಡತಿ ಜೊಹರಾಗೆ ಬ್ಯಾನೆ. ಕರೆಯಲು ಬಂದವರು ಶಾರದವ್ವನ ಬಾಗಿಲು ದಾಟಿಯೇ ಬಂದಿದ್ದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟು ತಾವೇ ಹಿಡಿದು, ಹೊಸಿಲು ದಾಟುವಾಗ ತಿರುಗಿ, "ಕೂಸಿನ ನೆತ್ತಿಗೆ ಎಣ್ಣಿ ಹಚ್ಚು" ಎಂದಷ್ಟೇ ಹೇಳಿ ಹೋದರು.

ಈ ಕೋಣೆಯ ಕಿಟಕಿ ಹಿತ್ತಲಿಗೆ ತೆರೆಯುತ್ತದೆ. ಬೇಲಿಯ ಆಚೆಯಿಂದ ಉಸ್ತಾದರು, "ಬೇಟಿ, ತಂಗೆವ್ವ ಹ್ಯಾಂಗ ಹೋದ್ಲು? ಚಕ್ಕಡಿ ಕಳಸಲೇನು?" ಎಂದು ಕೇಳಿದರು.

"ಬ್ಯಾಡ್ರೀ ಉಸ್ತಾದರ! ನಡಕೋತ ಹೋದ್ರು!" ಎಂದು ಇಲ್ಲಿಂದಲೇ ಕೂಗಿ ಹೇಳಿದೆ.

ಕೂಸು ಬೆಚ್ಚಿ ಎದ್ದಿತು. ಇನ್ನು ಇದನ್ನು ಮಲಗಿಸಬೇಕು.